ಮೈನಸ್ 11 ಮಿಲಿಮೀಟರ್ ಮಳೆ: ಕಡಿದಾದ ಜಾಗದಲ್ಲಿ ನುಣುಪಾದ ಗೆರೆ ಯಾಕೆ ದಾರಿ ತಪ್ಪುತ್ತದೆ?

ಮುಂಗಾರು ಶುರುವಾಯಿತು ಅಂದರೆ ಫೋನಿನಲ್ಲಿ ಮಳೆಯ ಗ್ರಾಫ್‌ಗಳೂ ಶುರು. ನಿನ್ನೆ ಎಷ್ಟು ಮಿಲಿಮೀಟರ್, ಇವತ್ತು ಎಷ್ಟು, ಜಲಾಶಯಕ್ಕೆ ಒಳಹರಿವು ಎಷ್ಟು ಅಂತ ಯಾರಾದರೊಬ್ಬರು ಚಾರ್ಟ್ ಮಾಡಿ ಗುಂಪಿಗೆ ಹಾಕುತ್ತಾರೆ. ಚುಕ್ಕಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಅದಕ್ಕೆ ನುಣುಪಾದ ಗೆರೆಯ ಆಯ್ಕೆ ಒತ್ತುತ್ತಾರೆ. ಈಗ ಒಂದು ವಾರ ಮಳೆಯೇ ಇಲ್ಲ, ನಡುವೆ ಒಂದೇ ದಿನ 80 ಮಿ.ಮೀ. ಸುರಿದಿದೆ ಅಂದುಕೊಳ್ಳಿ. ನುಣುಪಾದ ಗೆರೆ 80ರವರೆಗೆ ಏರಿ ಇಳಿಯುತ್ತದೆ. ಆದರೆ ಸೊನ್ನೆಯಲ್ಲಿ ನಿಲ್ಲುವುದಿಲ್ಲ. ಅದರ ಕೆಳಗೆ ಹೋಗಿ, ಮತ್ತೆ ಮೇಲೆ ಬರುತ್ತದೆ. ಚಾರ್ಟ್ ಸಾಫ್ಟ್‌ವೇರ್‌ಗಳು ಗೆರೆ ಎಳೆಯುವ ಬಗೆ ಬೇರೆ ಬೇರೆ. ಲೆಕ್ಕದವರು ಬಹಳ ಬಳಸುವ ‘ಕ್ಯೂಬಿಕ್ ಸ್ಪ್ಲೈನ್’ ಹಾಕಿದರೆ ಈ ಗೆರೆ ಸೊನ್ನೆಯಿಂದ ಸುಮಾರು 11 ಮಿ.ಮೀ. ಕೆಳಗಿಳಿಯುತ್ತದೆ.

ಮೈನಸ್ 11 ಮಿ.ಮೀ. ಮಳೆ ಅಂತ ಒಂದಿಲ್ಲ. ಕೊಟ್ಟ ಅಂಕಿಗಳು ಸರಿಯಾಗಿವೆ, ಕಂಪ್ಯೂಟರೂ ಸರಿಯಾಗಿಯೇ ಲೆಕ್ಕ ಮಾಡಿದೆ. ಹಾಗಾದರೆ ಈ ಹಳ್ಳ ಎಲ್ಲಿಂದ ಬಂತು? ಮಳೆಯ ಚಾರ್ಟ್‌ನಲ್ಲಾದರೆ ಇದನ್ನು ನೋಡಿ ಸುಮ್ಮನಿರಬಹುದು. ವಿಮಾನದ ರೆಕ್ಕೆಯ ಲೆಕ್ಕದಲ್ಲಿ ಸುಮ್ಮನಿರಲು ಆಗದು. ಗಣಿತಜ್ಞರು ಈ ಹಳ್ಳದ ಹಿಂದೆ ಬಿದ್ದು ದಶಕಗಳೇ ಆಗಿವೆ.

ಸ್ಪ್ಲೈನ್ ಎಂದರೇನು?

ಮೊದಲು ಇದು ಗಣಿತದ ವಸ್ತುವೇ ಆಗಿರಲಿಲ್ಲ. ಹಡಗು ಕಟ್ಟುವವರು, ನಕ್ಷೆ ಬರೆಯುವವರು ಬಳಸುತ್ತಿದ್ದ ಬಾಗುವ ತೆಳ್ಳನೆಯ ಮರದ ಪಟ್ಟಿ ಅದು. ಹಡಗಿನ ಮೈಯ ಆಕಾರ ಬರೆಯಬೇಕಾದರೆ ಹಾಳೆಯ ಮೇಲೆ ಕೆಲವು ಚುಕ್ಕಿ ಇಟ್ಟು, ಪಟ್ಟಿಯನ್ನು ಅವುಗಳ ಮೂಲಕ ಬಾಗಿಸಿ, ಸೀಸದ ಭಾರಗಳಿಂದ ಒತ್ತಿ ಹಿಡಿಯುತ್ತಿದ್ದರು. ಪಟ್ಟಿ ಎಲ್ಲೂ ಮುರಿಯುವುದಿಲ್ಲ, ಆದಷ್ಟು ಕಡಿಮೆ ಬಾಗಲು ನೋಡುತ್ತದೆ. ಅದರ ಅಂಚಿಗೆ ಪೆನ್ಸಿಲ್ ಎಳೆದರೆ ಚಂದದ ಗೆರೆ ಸಿಗುತ್ತಿತ್ತು.

ಈ ಪಟ್ಟಿಯ ಹೆಸರನ್ನೇ ಗಣಿತಕ್ಕೆ ತಂದವರು ಐಸಾಕ್ ಶೋನ್‌ಬರ್ಗ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದ ಸೇನೆಯ ಅಬರ್ಡೀನ್ ಪರೀಕ್ಷಾ ಕೇಂದ್ರದಲ್ಲಿದ್ದರು. ಫಿರಂಗಿ ಗುಂಡುಗಳ ಪಥದ ಕೋಷ್ಟಕಗಳಲ್ಲಿ ಅಂಕಿಗಳ ನಡುವಿನ ಬೆಲೆಗಳನ್ನು ನುಣುಪಾಗಿ ತುಂಬಬೇಕಿತ್ತು. 1946ರಲ್ಲಿ ಅವರ ಬರಹಗಳು ಪ್ರಕಟವಾದ ಮೇಲೆ ‘ಸ್ಪ್ಲೈನ್’ ಎನ್ನುವುದು ಗಣಿತದ ಪದವಾಯಿತು.

ಗಣಿತದ ಸ್ಪ್ಲೈನ್ ಮಾಡುವುದು ಹೀಗೆ. ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಒಂದೊಂದು ಸಣ್ಣ ಬಹುಪದೋಕ್ತಿ ಇಡುತ್ತೇವೆ. ಶಾಲೆಯಲ್ಲಿ ಕಲಿತ ಅದೇ ಬಹುಪದೋಕ್ತಿ, ಘಾತ ಮೂರಕ್ಕಿಂತ ಜಾಸ್ತಿ ಬೇಡ. ಅದಕ್ಕೇ ‘ಕ್ಯೂಬಿಕ್’. ತುಂಡುಗಳು ಸೇರುವ ಕಡೆ ಮೂರು ಷರತ್ತು: ಗೆರೆ ತುಂಡಾಗಬಾರದು, ಇಳಿಜಾರು ತಟ್ಟನೆ ಬದಲಾಗಬಾರದು, ಬಾಗುವಿಕೆಯೂ ತಟ್ಟನೆ ಬದಲಾಗಬಾರದು. ಮುಂದಿನ ಕಥೆಯೆಲ್ಲ ಕೊನೆಯ ಎರಡು ಷರತ್ತುಗಳದ್ದು.

ಎಲ್ಲ ಚುಕ್ಕಿಗಳಿಗೂ ಸೇರಿ ಒಂದೇ ದೊಡ್ಡ ಬಹುಪದೋಕ್ತಿ ಯಾಕಾಗದು ಎಂದು ಕೇಳಬಹುದು. 1901ರಲ್ಲೇ ಜರ್ಮನಿಯ ಕಾರ್ಲ್ ರುಂಗೆ ಅದಕ್ಕೆ ಉತ್ತರ ಕೊಟ್ಟಿದ್ದರು. ಗಂಟೆಯಾಕಾರದ ಒಂದು ಸರಳ ವಕ್ರರೇಖೆಯ ಮೇಲೆ ಸಮ ಅಂತರದಲ್ಲಿ ಚುಕ್ಕಿಗಳನ್ನು ಇಟ್ಟು ನೋಡಿದರು. ಚುಕ್ಕಿ ಜಾಸ್ತಿ ಆದಷ್ಟೂ ಎರಡೂ ತುದಿಗಳಲ್ಲಿ ಬಹುಪದೋಕ್ತಿಯ ಓಲಾಟ ಹೆಚ್ಚುತ್ತಲೇ ಹೋಯಿತು. ಹೆಚ್ಚು ಮಾಹಿತಿ ಕೊಟ್ಟಷ್ಟೂ ಉತ್ತರ ಕೆಡುವುದು ಗಾಬರಿ ಹುಟ್ಟಿಸುವ ಸಂಗತಿ ಅಲ್ವಾ? ಸಣ್ಣ ತುಂಡುಗಳ ಸ್ಪ್ಲೈನ್‌ಗೆ ಈ ರೋಗವಿಲ್ಲ. ಸಾಧುವಾದ ಗೆರೆಗಳಲ್ಲಿ ಅದು ಅದ್ಭುತವಾಗಿ ಕೆಲಸ ಮಾಡುತ್ತದೆ: ಚುಕ್ಕಿಗಳ ನಡುವಿನ ಅಂತರ ಅರ್ಧ ಮಾಡಿದರೆ ತಪ್ಪು 16ರಲ್ಲಿ ಒಂದು ಪಾಲಾಗುತ್ತದೆ.

ಗೆರೆ ಸಾಧುವಲ್ಲದಾಗಲೇ ತೊಂದರೆ.

ಘಟ್ಟ ಹತ್ತುವ ಗೆರೆ

ಉಡುಪಿಯ ಕಡಲತೀರದಿಂದ ಆಗುಂಬೆ ಘಟ್ಟ ಹತ್ತಿ ತೀರ್ಥಹಳ್ಳಿ ಕಡೆಗೆ ಹೋಗುವ ದಾರಿಯ ಎತ್ತರವನ್ನು ಗ್ರಾಫ್ ಮಾಡಿದಿರಿ ಎನ್ನಿ. ಸೋಮೇಶ್ವರದ ತನಕ ಎತ್ತರ ಹೆಚ್ಚೇನೂ ಬದಲಾಗುವುದಿಲ್ಲ. ಆಮೇಲೆ ಕೆಲವೇ ಕಿಲೋಮೀಟರ್‌ಗಳಲ್ಲಿ ಘಟ್ಟದ ಏರಿಕೆಯೆಲ್ಲ ಮುಗಿದುಹೋಗುತ್ತದೆ. ಮೇಲೆ ಬಂದರೆ ಮತ್ತೆ ಹೆಚ್ಚು ಏರಿಳಿತವಿಲ್ಲ. ಸುಲಭಕ್ಕಾಗಿ ಕರಾವಳಿಯನ್ನು ಸೊನ್ನೆ, ಘಟ್ಟದ ಮೇಲನ್ನು 650 ಮೀಟರ್ ಅಂತ ಇಟ್ಟುಕೊಳ್ಳೋಣ. ಎತ್ತರ ಅಳೆದದ್ದು 20 ಕಿ.ಮೀ.ಗೆ ಒಂದು ಸಲ ಮಾತ್ರ. ಘಟ್ಟ ಪೂರ್ತಿ ಎರಡು ಅಳತೆಗಳ ನಡುವೆಯೇ ಸಿಕ್ಕಿಹಾಕಿಕೊಂಡಿತು.

ಸ್ಪ್ಲೈನ್‌ಗೆ ಕಾಣುವುದು ಇಷ್ಟೇ: 0, 0, 0, ಆಮೇಲೆ 650, 650, 650. ಏರುವಾಗ ಅದಕ್ಕೆ ಒಂದು ಇಳಿಜಾರು ಬೇಕು. ಮೇಲೆ ತಲುಪಿದ ತಕ್ಷಣ ಆ ಇಳಿಜಾರನ್ನು ಬಿಟ್ಟುಬಿಡಲು ಷರತ್ತು ಬಿಡುವುದಿಲ್ಲ. ಅದೇ ಓಟದಲ್ಲಿ ಮುಂದೆ ಹೋಗಿ, ನಿಧಾನಕ್ಕೆ ಬಾಗಿ ವಾಪಸ್ ಬರಬೇಕು. ಲೆಕ್ಕ ಮಾಡಿದರೆ ಜಿಗಿತದ ಎತ್ತರದ ಸುಮಾರು 11 ಶೇಕಡದಷ್ಟು ಅದು ಮೇಲೆ ಹೋಗುತ್ತದೆ, ಕೆಳಗಿನ ಬದಿಯಲ್ಲಿ ಅಷ್ಟೇ ಕೆಳಗಿಳಿಯುತ್ತದೆ. ಆಗುಂಬೆಯ ಆಚೆ ಇಲ್ಲದ 70 ಮೀಟರ್ ಗುಡ್ಡ, ಕರಾವಳಿಯಲ್ಲಿ ಸಮುದ್ರ ಮಟ್ಟಕ್ಕಿಂತ 70 ಮೀಟರ್ ಆಳದ ಹಳ್ಳ.

ಅಳತೆಗಳನ್ನು ಹತ್ತಿರ ಹತ್ತಿರ ಮಾಡಿದರೆ ಸರಿಹೋಗುತ್ತದಾ? ಘಟ್ಟದ ಏರಿನೊಳಗೇ ಸಾಕಷ್ಟು ಚುಕ್ಕಿ ಬೀಳುವಷ್ಟು ಹತ್ತಿರವಾದರೆ ಸರಿಹೋಗುತ್ತದೆ. ಅಲ್ಲಿಯವರೆಗೆ ಗುಡ್ಡ ಕಿರಿದಾಗುತ್ತದೆ ಹೊರತು ಎತ್ತರ ಇಳಿಯುವುದಿಲ್ಲ. ಗೋಡೆಯ ಹಾಗೆ ನೇರ ಜಿಗಿತವಾದರೆ ಎಷ್ಟೇ ಚುಕ್ಕಿ ಇಟ್ಟರೂ ಆ 11 ಶೇಕಡ ಹೋಗುವುದೇ ಇಲ್ಲ.

ಇಂಥ ಗೆರೆಗಳು ಎಲ್ಲಿ ಬರುತ್ತವೆ?

1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಒಂದು ಪ್ರಬಂಧ ಮಂಡಿಸಿದರು. ಗಾಳಿ ಒಂದು ಮೇಲ್ಮೈ ಮೇಲೆ ಹರಿಯುವಾಗ, ಮೇಲ್ಮೈಗೆ ತಾಗಿದ ಗಾಳಿ ಅಂಟಿಕೊಂಡು ನಿಂತುಬಿಡುತ್ತದೆ. ಸ್ವಲ್ಪವೇ ಮೇಲೆ ಅದು ಪೂರ್ತಿ ವೇಗದಲ್ಲಿ ಓಡುತ್ತಿರುತ್ತದೆ. ಈ ಬದಲಾವಣೆಯೆಲ್ಲ ನಡೆಯುವುದು ಒಂದು ತೆಳು ಪದರದಲ್ಲಿ. ಅದೇ ‘ಬೌಂಡರಿ ಲೇಯರ್’, ಕನ್ನಡದಲ್ಲಿ ಗಡಿ ಪದರ ಅನ್ನೋಣ. ಚಪ್ಪಟೆ ಹಲಗೆಯ ಮೇಲೆ ಸೆಕೆಂಡಿಗೆ 50 ಮೀಟರ್ ವೇಗದ ಗಾಳಿ ಕದಡದೆ ಹರಿಯುತ್ತಿದ್ದರೆ, ಮುಂದಿನ ಅಂಚಿನಿಂದ ಒಂದು ಮೀಟರ್ ದೂರದಲ್ಲಿ ಈ ಪದರ ಹೆಚ್ಚುಕಮ್ಮಿ 3 ಮಿಲಿಮೀಟರ್. ಸೊನ್ನೆಯಿಂದ 50ಕ್ಕೆ ವೇಗ ಏರುವುದು ಅಷ್ಟರೊಳಗೆ. ಅದರ ಮೇಲೆ ಎಷ್ಟೋ ಮೀಟರ್ ಎತ್ತರದವರೆಗೆ ಹೇಳಿಕೊಳ್ಳುವಂಥದ್ದೇನೂ ಆಗುವುದಿಲ್ಲ.

ಈ ಪದರಕ್ಕೂ ಬೆಂಗಳೂರಿಗೂ ಹಳೆಯ ನಂಟಿದೆ. ಗಡಿ ಪದರದ ಹರಿವು ಶಾಂತ ಸ್ಥಿತಿಯಿಂದ ಕದಡಿದ ಸ್ಥಿತಿಗೆ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಆ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ.

ಗಡಿ ಪದರ ಗಾಳಿಗೆ ಮಾತ್ರ ಸೀಮಿತವಲ್ಲ. ನದಿಯಲ್ಲಿ ಬೆರೆತ ಬಣ್ಣ, ಅರೆವಾಹಕದ ಸಂಧಿಯಲ್ಲಿ ವಿದ್ಯುತ್ ವಿಭವ, ರಾಸಾಯನಿಕ ಕ್ರಿಯೆ ನಡೆಯುವ ಜಾಗದ ಉಷ್ಣತೆ, ಎಲ್ಲದರಲ್ಲೂ ಇದೇ ಕಥೆ. ಸಮೀಕರಣದಲ್ಲಿ ಒಂದು ತೀರಾ ಚಿಕ್ಕ ಸಂಖ್ಯೆ ಇರುತ್ತದೆ. ಗಣಿತದವರು ಅದನ್ನು ‘ಎಪ್ಸಿಲಾನ್’ ಎನ್ನುತ್ತಾರೆ. ಅದು ಚಿಕ್ಕದಾದಷ್ಟೂ ಪದರ ತೆಳುವಾಗುತ್ತದೆ, ಇಳಿಜಾರು ಕಡಿದಾಗುತ್ತದೆ. ವಿಮಾನದ ರೆಕ್ಕೆಯ ಲೆಕ್ಕದಲ್ಲಿ ಗಾಳಿಯ ಅಂಟುತನದಿಂದ ಬರುವ ಇಂಥ ಸಂಖ್ಯೆ ಕೋಟಿಯಲ್ಲಿ ಒಂದು ಪಾಲಿನಷ್ಟಿರುವುದು ಸಾಮಾನ್ಯ.

ಸಮ ಅಂತರದಲ್ಲಿ ಚುಕ್ಕಿ ಇಟ್ಟರೆ

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 0ಯಿಂದ 1ರವರೆಗೆ ಒಂದು ಗೆರೆ. 0ಯಲ್ಲಿ ಬೆಲೆ 1. ಅಲ್ಲಿಂದ ಪ್ರತಿ 0.001 ದೂರಕ್ಕೆ ಬೆಲೆ ಹಿಂದಿನದರ ಸುಮಾರು 37 ಶೇಕಡಕ್ಕೆ ಇಳಿಯುತ್ತದೆ. ಇಲ್ಲಿ ಎಪ್ಸಿಲಾನ್ 0.001. ಗೆರೆ ಶುರುವಿನಲ್ಲೇ ಬಾವಿಗೆ ಬಿದ್ದಂತೆ ಇಳಿದು, ಉಳಿದ ದಾರಿಯಲ್ಲಿ ಸೊನ್ನೆಗೆ ಅಂಟಿಕೊಂಡಿರುತ್ತದೆ.

ಇದನ್ನು 10 ಸಮ ತುಂಡು ಮಾಡೋಣ. ಎರಡನೇ ಚುಕ್ಕಿ ಬೀಳುವುದು 0.1ರಲ್ಲಿ. ಅಲ್ಲಿ ನಿಜವಾದ ಬೆಲೆ ಎಷ್ಟು ಸಣ್ಣದೆಂದರೆ, ದಶಮಾಂಶ ಬಿಂದುವಿನ ನಂತರ 43 ಸೊನ್ನೆ ಬರೆದ ಮೇಲೆ ಮೊದಲ ಅಂಕಿ ಸಿಗುತ್ತದೆ. ಅಂದರೆ ಸ್ಪ್ಲೈನ್ ಕೈಗೆ ಸಿಗುವ ಮಾಹಿತಿ 1, 0, 0, 0 ಅಷ್ಟೇ.

ತುದಿಗಳಲ್ಲಿ ಬಾಗುವಿಕೆ ಸೊನ್ನೆ ಎಂದು ಇಟ್ಟು ಸ್ಪ್ಲೈನ್ ಎಳೆದರೆ, 0.005ರಲ್ಲಿ ನಿಜವಾದ ಬೆಲೆ 0.007 ಇರುವಾಗ ಅದು ಹೇಳುವುದು 0.94. ನಿಜ ಗೆರೆ ಆಗಲೇ ತಳ ಸೇರಿದೆ, ಸ್ಪ್ಲೈನ್ ಇನ್ನೂ ಮೇಲಿನ ಮೆಟ್ಟಿಲು ಬಿಟ್ಟಿಲ್ಲ. 0.05ರಲ್ಲಿ ಅದು 0.40 ಎನ್ನುತ್ತದೆ, ನಿಜದಲ್ಲಿ ಅಲ್ಲಿ ಏನೂ ಉಳಿದಿಲ್ಲ. 0.1 ದಾಟಿದ ಮೇಲೆ ಸೊನ್ನೆಯ ಕೆಳಗೆ 0.08ರಷ್ಟು ಹಳ್ಳ. ಹತ್ತರ ಬದಲು ನೂರು ತುಂಡು ಮಾಡಿದರೂ ಚಿತ್ರ ಹೆಚ್ಚುಕಮ್ಮಿ ಇದೇ, ತಪ್ಪಿರುವ ಜಾಗ ಮಾತ್ರ ಕಿರಿದು.

ತುಂಡಿನ ಉದ್ದ 0.001ಕ್ಕಿಂತ ಚಿಕ್ಕದಾದರೆ ಎಲ್ಲ ಸರಿಹೋಗುತ್ತದೆ. ಅಂದರೆ ಸಾವಿರಾರು ತುಂಡು. ಒಂದೇ ಗೆರೆಗಾದರೆ ಇವತ್ತಿನ ಕಂಪ್ಯೂಟರ್‌ಗೆ ಅದು ಲೆಕ್ಕಕ್ಕಿಲ್ಲ. ಆದರೆ ಗಾಳಿ ಹರಿಯುವುದು ಮೂರು ಆಯಾಮದಲ್ಲಿ. ಒಂದೊಂದು ದಿಕ್ಕಿಗೆ ಸಾವಿರ ಎಂದರೆ ಒಟ್ಟು 100 ಕೋಟಿ. ಎಪ್ಸಿಲಾನ್ ಇನ್ನೂ ಹತ್ತು ಪಟ್ಟು ಚಿಕ್ಕದಾದರೆ ಅದು ಮತ್ತೆ ಸಾವಿರ ಪಟ್ಟು. ಅದೂ ಬಹುಪಾಲು ಚುಕ್ಕಿಗಳು ಏನೂ ನಡೆಯದ ಕಡೆ ಬಿದ್ದಿರುತ್ತವೆ.

ಚುಕ್ಕಿಗಳನ್ನು ಬೇಕಾದ ಕಡೆ ಇಡುವುದು

ಗೆರೆ ಎಲ್ಲಿ ಕಡಿದಾಗಿದೆ ಎಂದು ಮೊದಲೇ ಗೊತ್ತಿದ್ದರೆ ಚುಕ್ಕಿಗಳನ್ನು ಅಲ್ಲಿಯೇ ತುಂಬಬಹುದು. 1969ರಲ್ಲಿ ಮಾಸ್ಕೋದ ನಿಕೊಲಾಯ್ ಬಖ್ವಾಲೋವ್ ಇಂಥ ‘ಜಾಲ’ವೊಂದನ್ನು, ಅಂದರೆ ಚುಕ್ಕಿಗಳನ್ನು ಎಲ್ಲೆಲ್ಲಿ ಇಡಬೇಕೆಂಬ ಏರ್ಪಾಟೊಂದನ್ನು ಕೊಟ್ಟರು. ಪದರದೊಳಗೆ ಚುಕ್ಕಿಗಳು ಒತ್ತೊತ್ತಾಗಿದ್ದು, ಹೊರಗೆ ಬರುತ್ತಾ ಅಂತರ ಹಂತಹಂತವಾಗಿ ಹಿಗ್ಗುತ್ತದೆ.

ಆಮೇಲೆ ಯೆಕಟೆರಿನ್‌ಬರ್ಗ್‌ನ ಗ್ರಿಗೊರಿ ಶಿಶ್ಕಿನ್ ಇನ್ನೂ ಸರಳವಾದ ಜಾಲ ತೋರಿಸಿದರು. ಒಟ್ಟು ತುಂಡುಗಳಲ್ಲಿ ಅರ್ಧ ಪದರದೊಳಗೆ, ಅರ್ಧ ಹೊರಗೆ. ಎರಡೂ ಕಡೆ ಸಮ ಅಂತರ, ನಡುವೆ ಒಂದೇ ಒಂದು ಗಡಿ. ನಮ್ಮ ಉದಾಹರಣೆಗೆ 20 ತುಂಡು ತೆಗೆದುಕೊಂಡರೆ, ಗಡಿ ಎಲ್ಲಿ ಹಾಕಬೇಕೆಂಬ ಲೆಕ್ಕ ಹೀಗಿದೆ. 20ರ ಸ್ವಾಭಾವಿಕ ಲಾಗ್ ಸುಮಾರು 3. ಅದನ್ನು 4ರಿಂದ, ಮತ್ತೆ 0.001ರಿಂದ ಗುಣಿಸಿದರೆ 0.012. 4 ಯಾಕೆ? ಕ್ಯೂಬಿಕ್ ಸ್ಪ್ಲೈನ್‌ನ ನಿಖರತೆ ನಾಲ್ಕನೇ ಘಾತದಲ್ಲಿ ಏರುತ್ತದೆ. ಗಡಿ ತಲುಪುವ ಹೊತ್ತಿಗೆ ಗೆರೆಯೂ ಅದಕ್ಕೆ ತಕ್ಕಷ್ಟು, ಅಂದರೆ 20ರ ನಾಲ್ಕನೇ ಘಾತವಾದ 1,60,000ದಲ್ಲಿ ಒಂದು ಪಾಲಿಗೆ ಇಳಿದಿರಬೇಕು. ಹಾಗಾಗಿ 0.012ರವರೆಗೆ 10 ತುಂಡು, ಒಂದೊಂದೂ 0.0012 ಉದ್ದ. ಉಳಿದ ದಾರಿಗೆ ಇನ್ನು 10 ತುಂಡು, ಒಂದೊಂದೂ ಹೆಚ್ಚುಕಮ್ಮಿ 0.1. ಗಡಿಯ ಎರಡು ಬದಿಗೆ 80 ಪಟ್ಟು ವ್ಯತ್ಯಾಸ.

ಸಾವಿರಾರು ತುಂಡುಗಳ ಕೆಲಸ 20ರಲ್ಲಿ! ಎಪ್ಸಿಲಾನ್ ಎಷ್ಟೇ ಚಿಕ್ಕದಾದರೂ ಗಡಿಯನ್ನು ಒಳಕ್ಕೆ ಸರಿಸಿದರಾಯಿತು, ತುಂಡುಗಳ ಸಂಖ್ಯೆ ಏರಿಸುವುದೇ ಬೇಡ. ಚುಕ್ಕಿಗಳನ್ನು ನೇರ ಗೆರೆಗಳಿಂದ ಸೇರಿಸುವವರಿಗೆ ಇದು ನಿಜವೂ ಹೌದು. ಅದಕ್ಕೇ ಶಿಶ್ಕಿನ್ ಜಾಲ ಅಷ್ಟೊಂದು ಬಳಕೆಗೆ ಬಂತು.

ಗಡಿಯಲ್ಲಿ ಅಡಗಿದ್ದ ತೊಂದರೆ

ಸ್ಪ್ಲೈನ್‌ಗೂ ಇದೇ ಜಾಲ ಸಾಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಸಾಲದು. ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದೇ.

ಗಡಿಯ ಬಿಂದುವಿನಲ್ಲಿ ಏನಾಗುತ್ತದೆ ನೋಡಿ. ಎಪ್ಸಿಲಾನ್ 0.00000001, ಅಂದರೆ ಹತ್ತು ಕೋಟಿಯಲ್ಲಿ ಒಂದು ಎಂದಿರಲಿ. ತುಂಡುಗಳು ಅದೇ 20. ಗಡಿಯಲ್ಲಿ ಗೆರೆಯ ಬೆಲೆ 0.000006 ಮಾತ್ರ, ಸೊನ್ನೆ ಎಂದೇ ಹೇಳಬಹುದು. ಆದರೆ ಇಳಿಜಾರು ಸೊನ್ನೆಯಲ್ಲ. ಇಳಿಜಾರು ಎಂದರೆ ಇಳಿದದ್ದನ್ನು ದೂರದಿಂದ ಭಾಗಿಸಿದ್ದು ತಾನೇ? ಇಳಿದದ್ದು ಚೂರೇ ಆದರೂ ಇಳಿಯಲು ತೆಗೆದುಕೊಂಡ ದೂರ ಅದಕ್ಕಿಂತ ಎಷ್ಟೋ ಚಿಕ್ಕದು. ಹಾಗಾಗಿ ಸ್ಪ್ಲೈನ್ ಗಡಿಗೆ ಬಂದಾಗ ಅದರ ಇಳಿಜಾರು ಸುಮಾರು ಮೈನಸ್ 700.

ನಿಜವಾದ ಗೆರೆಯ ಇಳಿಜಾರೂ ಅಲ್ಲಿ ನೂರುಗಳಲ್ಲೇ ಇದೆ. ಆದರೆ ಅದು ಮುಂದಿನ ಕ್ಷಣದಲ್ಲೇ ಮಲಗಿಬಿಡುತ್ತದೆ. ಸ್ಪ್ಲೈನ್‌ಗೆ ಹಾಗೆ ಮಲಗುವ ಅವಕಾಶವಿಲ್ಲ. ಇಳಿಜಾರು ತಟ್ಟನೆ ಬದಲಾಗಬಾರದು ಎಂಬ ಷರತ್ತು ಇದೆಯಲ್ಲ. ಮೈನಸ್ 700ರ ಇಳಿಜಾರನ್ನು ಹೊತ್ತುಕೊಂಡೇ ಅದು 0.1 ಉದ್ದದ ದೊಡ್ಡ ತುಂಡಿಗೆ ಕಾಲಿಡುತ್ತದೆ. ನೇರ ಹೋಗಿದ್ದರೆ 70ರಷ್ಟು ಕೆಳಗೆ ಹೋಗಿಬಿಡುತ್ತಿತ್ತು. ತುಂಡಿನ ಕೊನೆಗೆ ಸೊನ್ನೆಗೆ ವಾಪಸ್ ಬರಬೇಕಾದ್ದರಿಂದ ನಡುವೆಯೇ ಬಾಗುತ್ತದೆ. ಅಷ್ಟಾದರೂ ಸುಮಾರು ಮೈನಸ್ 12ರವರೆಗೆ ಇಳಿದೇ ಬರುತ್ತದೆ. ಎಲ್ಲೂ 0ಗಿಂತ ಕೆಳಗಿಳಿಯದ, 1ಕ್ಕಿಂತ ಮೇಲೇರದ ಗೆರೆಗೆ ಮೈನಸ್ 12!

ಎಪ್ಸಿಲಾನ್ ಹತ್ತು ಲಕ್ಷದಲ್ಲಿ ಒಂದು ಆಗಿದ್ದರೆ ಈ ಹಳ್ಳ 0.12ರಷ್ಟು. ಸಾವಿರದಲ್ಲಿ ಒಂದು ಆಗಿದ್ದರೆ 0.00012, ಗ್ರಾಫ್‌ನಲ್ಲಿ ಕಣ್ಣಿಗೇ ಬೀಳದು. ಎಪ್ಸಿಲಾನ್ ಎಷ್ಟು ಪಟ್ಟು ಇಳಿಯುತ್ತದೋ ಹಳ್ಳ ಅಷ್ಟೇ ಪಟ್ಟು ಆಳವಾಗುತ್ತದೆ, ಅದಕ್ಕೊಂದು ತಳವೇ ಇಲ್ಲ. ಸುಲಭದ ಉದಾಹರಣೆಯಲ್ಲಿ ಪರೀಕ್ಷೆ ಮಾಡಿ ಸರಿ ಬಂತು ಎಂದುಕೊಂಡವರನ್ನು ಇದು ಕಠಿಣ ಲೆಕ್ಕದಲ್ಲಿ ಕೈಬಿಡುತ್ತದೆ. ಇನ್ನೊಂದು ಮಾತು: ತಪ್ಪು ಕಾಣಿಸಿಕೊಳ್ಳುವುದು ಕಡಿದಾದ ಜಾಗದಲ್ಲಲ್ಲ, ಅದರ ಪಕ್ಕದ ಶಾಂತ ಜಾಗದಲ್ಲಿ. ನಾವು ಅಲ್ಲಿ ಹುಡುಕುವುದೂ ಕಡಿಮೆ.

ಇದನ್ನು ಬರೀ ಉದಾಹರಣೆಯಾಗಿ ಬಿಡದೆ ಸಾಧಿಸಿ ತೋರಿಸಿದವರು ರಷ್ಯಾದ ಬ್ಲಾತೋವ್, ಜಾದೋರಿನ್ ಮತ್ತು ಕಿತಾಯೆವಾ. ಸಮ ಅಂತರದ ಜಾಲ ಇಂಥ ಗೆರೆಗಳಿಗೆ ಕೆಲಸಕ್ಕೆ ಬಾರದು, ಶಿಶ್ಕಿನ್ ಜಾಲದ ಮೇಲೂ ಮಾಮೂಲಿ ಕ್ಯೂಬಿಕ್ ಸ್ಪ್ಲೈನ್‌ನ ತಪ್ಪು ಮಿತಿಯಿಲ್ಲದೆ ಬೆಳೆಯಬಲ್ಲದು ಎಂದು 2017ರ ಪ್ರಬಂಧದಲ್ಲಿ ಅವರು ಸಾಧಿಸಿದರು. ಜೊತೆಗೆ ಮಾರ್ಪಡಿಸಿದ ಸ್ಪ್ಲೈನ್ ಒಂದನ್ನೂ ಕೊಟ್ಟರು. ಎಪ್ಸಿಲಾನ್ ಎಷ್ಟೇ ಇರಲಿ, ಅದರ ತಪ್ಪಿನ ಮಿತಿ ತುಂಡುಗಳ ಸಂಖ್ಯೆಯನ್ನು ಮಾತ್ರ ನೆಚ್ಚಿಕೊಂಡಿದೆ. ಆ ಸಂಖ್ಯೆಯ ಲಾಗನ್ನು ಅದೇ ಸಂಖ್ಯೆಯಿಂದ ಭಾಗಿಸಿ, ನಾಲ್ಕನೇ ಘಾತಕ್ಕೆ ಏರಿಸಿದರೆ ಮಿತಿಯ ಅಂದಾಜು ಸಿಗುತ್ತದೆ. 20 ತುಂಡುಗಳಿಂದ 200ಕ್ಕೆ ಹೋದರೆ ಅದು ಸಾವಿರ ಪಟ್ಟು ಕಡಿಮೆಯಾಗುತ್ತದೆ.

ಬೇರೆ ದಾರಿಗಳು

ಜಾಲ ಬದಲಿಸುವ ಬದಲು ಪಟ್ಟಿಯನ್ನೇ ಬದಲಿಸಬಹುದು. 1966ರಲ್ಲಿ ಶ್ವೈಕರ್ಟ್ ಎಂಬುವರು ಸ್ಪ್ಲೈನ್‌ನ ಎರಡೂ ತುದಿ ಹಿಡಿದು ಎಳೆದರೆ ಹೇಗೆ ಎಂದು ಯೋಚಿಸಿದರು. ಎಳೆತ ಹೆಚ್ಚಾದಂತೆ ಬೇಡದ ಓಲಾಟ ಕಡಿಮೆಯಾಗುತ್ತದೆ. ತುಂಬಾ ಎಳೆದರೆ ಅದು ನೇರ ಗೆರೆಗಳೇ ಆಗಿಬಿಡುತ್ತದೆ. ಇಂಥ ಸ್ಪ್ಲೈನ್‌ನ ತುಂಡುಗಳಲ್ಲಿ ಬಹುಪದೋಕ್ತಿಯ ಬದಲು ಘಾತೀಯ ಫಲನಗಳಿರುತ್ತವೆ, ಅಂದರೆ ಸಮ ದೂರಕ್ಕೆ ಒಂದೇ ಶೇಕಡದ ಲೆಕ್ಕದಲ್ಲಿ ಇಳಿಯುವ ಅಥವಾ ಏರುವಂಥವು. ಗಡಿ ಪದರದ ಇಳಿತವೂ ಅದೇ ಜಾತಿಯದಾದ್ದರಿಂದ ಎರಡಕ್ಕೂ ಚೆನ್ನಾಗಿ ಹೊಂದುತ್ತದೆ.

ಮಳೆ ಚಾರ್ಟ್ ಮಾಡುವವರಿಗೆ ಬೇಕಾದದ್ದು ಇನ್ನೊಂದು ವಿಧಾನ. 1980ರಲ್ಲಿ ಫ್ರಿಟ್ಶ್ ಮತ್ತು ಕಾರ್ಲ್‌ಸನ್ ಬಾಗುವಿಕೆಯ ಷರತ್ತನ್ನು ಬಿಟ್ಟುಕೊಟ್ಟರು. ಪ್ರತಿ ಚುಕ್ಕಿಯಲ್ಲೂ ಇಳಿಜಾರಿಗೆ ಮಿತಿ ಹಾಕಿದರು: ಅಂಕಿಗಳು ಏರುತ್ತಿದ್ದರೆ ಗೆರೆಯೂ ಏರಬೇಕು, ಅಂಕಿಗಳು ಸಮತಟ್ಟಾಗಿದ್ದರೆ ಗೆರೆಯೂ ಸಮತಟ್ಟು. 80 ಮಿ.ಮೀ. ಮಳೆಯ ಗ್ರಾಫ್‌ಗೆ ಈ ಬಗೆಯ ಗೆರೆ ಹಾಕಿದರೆ ಅದು ಸೊನ್ನೆಯ ಕೆಳಗೆ ಇಳಿಯುವುದೇ ಇಲ್ಲ. ಪೈಥಾನ್‌ನ ಸೈಪೈ ಮತ್ತು ಮ್ಯಾಟ್‌ಲ್ಯಾಬ್‌ನಲ್ಲಿ ‘ಪಿಚಿಪ್’ ಎಂಬ ಹೆಸರಿನಲ್ಲಿ ಇಂಥದ್ದು ಸಿದ್ಧವಾಗಿ ಸಿಗುತ್ತದೆ. ಕಣ್ಣಿಗೆ ಚೂರು ಕಡಿಮೆ ನುಣುಪು, ಅಷ್ಟೇ. ಮಳೆ, ಜಲಾಶಯದ ಮಟ್ಟ, ಜನಸಂಖ್ಯೆಯಂಥ ಅಂಕಿಗಳಿಗೆ ನನ್ನ ಪ್ರಕಾರ ಇದೇ ಸರಿಯಾದ ಆಯ್ಕೆ.

ಇಲ್ಲಿಯವರೆಗೆ ಹೇಳಿದ ಜಾಲಗಳಿಗೆಲ್ಲ ಪದರ ಎಲ್ಲಿದೆ ಎಂದು ಮೊದಲೇ ಗೊತ್ತಿರಬೇಕು. ರೆಕ್ಕೆಯ ಮೈಗೆ ಅಂಟಿದ ಪದರವಾದರೆ ಗೊತ್ತಿರುತ್ತದೆ. ಆದರೆ ವೇಗ ಶಬ್ದದ ವೇಗಕ್ಕೆ ಹತ್ತಿರವಾದಾಗ ರೆಕ್ಕೆಯ ಮೇಲೆ ಹುಟ್ಟುವ ಆಘಾತ ತರಂಗ (ಗಾಳಿಯ ಒತ್ತಡ ತಟ್ಟನೆ ಜಿಗಿಯುವ ತೆಳು ಪದರ), ವೇಗ ಬದಲಾದಂತೆ ಹಿಂದೆ ಮುಂದೆ ಸರಿಯುತ್ತದೆ. ಅಲ್ಲಿ ಮೊದಲು ಒರಟು ಜಾಲದಲ್ಲಿ ಒಂದು ಲೆಕ್ಕ ಮಾಡುತ್ತಾರೆ. ಪಕ್ಕಪಕ್ಕದ ಚುಕ್ಕಿಗಳ ಬೆಲೆ ಎಲ್ಲಿ ಜಾಸ್ತಿ ಬದಲಾಗಿದೆ ಎಂದು ಪ್ರೋಗ್ರಾಂ ತಾನೇ ಹುಡುಕಿ, ಅಲ್ಲಿ ಚುಕ್ಕಿ ಸೇರಿಸಿ, ಬೇಡದ ಕಡೆ ತೆಗೆದು, ಮತ್ತೆ ಲೆಕ್ಕ ಮಾಡುತ್ತದೆ. ಹೀಗೆ ಚುಕ್ಕಿಗಳು ತರಂಗದ ಹಿಂದೆಯೇ ಸರಿಯುತ್ತಾ ಹೋಗುತ್ತವೆ.